ಪೆನ್ನು ನಿಲ್ಲಿಸದೆ 10 ನಿಮಿಷ

ನನ್ನ ಕೆಲಸ ಬೇರೆಯವರು ಬರೆದದ್ದನ್ನು ತಿದ್ದುವುದು. ದಿನವಿಡೀ ಕಾಗುಣಿತ, ಅಲ್ಪವಿರಾಮ, ಎಲ್ಲೋ ಶುರುವಾಗಿ ಎಲ್ಲೋ ಮುಗಿಯುವ ವಾಕ್ಯಗಳ ಜೊತೆ ಗುದ್ದಾಟ. ಇದಕ್ಕೆ ಚುರುಕು ಕಣ್ಣು ಬೇಕು. ಆದರೆ ನನಗಾಗಿ ಏನಾದರೂ ಬರೆಯೋಣ ಅಂತ ಕೂತರೆ ಅದೇ ಕಣ್ಣು ಅಡ್ಡ ಬರುತ್ತದೆ. ಮೊದಲ ವಾಕ್ಯ ಮುಗಿಯುವುದಕ್ಕೂ ಬಿಡದೆ ‘ಸರಿಯಿಲ್ಲ’ ಅನ್ನುತ್ತದೆ. ತಿದ್ದುವ ಕೆಲಸ ಮಾಡದವರಿಗೂ ಈ ಕಾಟ ಇದ್ದದ್ದೇ, ಅಲ್ವಾ? ಶಾಲೆಯಲ್ಲಿ ಕೆಂಪು ಶಾಯಿಯ ಗೆರೆ ಕಂಡವರೆಲ್ಲ ಆ ಗೆರೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಬರೆಯುತ್ತಾರೆ.

ದಿನಕ್ಕೆ ಸ್ವಲ್ಪ ಹೊತ್ತು ಆ ಗೆರೆಯಿಂದ ಬಿಡುಗಡೆ ಪಡೆಯುವ ದಾರಿ ಫ್ರೀರೈಟಿಂಗ್. ನಿಯಮ ಒಂದೇ: ಗೊತ್ತು ಮಾಡಿಕೊಂಡ ಸಮಯ ಮುಗಿಯುವ ತನಕ ಕೈ ನಿಲ್ಲಬಾರದು. ಬೆಳಿಗ್ಗೆ ಎದ್ದವರೇ, ಏನನ್ನೂ ಓದದೆ, ಯಾರ ಜೊತೆಗೂ ಮಾತಾಡದೆ ಬರೆಯಿರಿ ಎಂದು ಅಮೆರಿಕದ ಲೇಖಕಿ ಡೊರೊಥಿಯಾ ಬ್ರಾಂಡ್ 1934ರಲ್ಲೇ ಹೇಳಿಕೊಟ್ಟಿದ್ದರು. 1973ರಲ್ಲಿ ಪೀಟರ್ ಎಲ್ಬೋ ಎಂಬ ಮೇಷ್ಟ್ರು 10 ನಿಮಿಷದ ಈ ಅಭ್ಯಾಸವನ್ನು ತುಂಬಾ ಜನಕ್ಕೆ ತಲುಪಿಸಿದರು. ಬರೆಯುವುದು ಬೇರೆ, ತಿದ್ದುವುದು ಬೇರೆ, ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಬರೆಯುವ ಕೆಲಸ ಕೆಡುತ್ತದೆ ಎಂಬುದು ಅವರ ಮಾತು. ತಿದ್ದಿಯೇ ಜೀವನ ಮಾಡುವ ನಾನು ಅದನ್ನು ಪೂರ್ತಿ ಒಪ್ಪುತ್ತೇನೆ.

ಸಾಮಾನು ಜಾಸ್ತಿ ಬೇಡ. ಒಂದು ಸಾದಾ ನೋಟ್‌ಬುಕ್, ತಡೆಯಿಲ್ಲದೆ ಓಡುವ ಪೆನ್ನು. ಚೆಂದದ ರಟ್ಟಿನ ಡೈರಿ ಬೇಡವೇ ಬೇಡ. ಅದರಲ್ಲಿ ಚೆಂದವಾಗಿಯೇ ಬರೆಯಬೇಕು ಅನ್ನಿಸಿಬಿಡುತ್ತದೆ. ಫೋನಿನಲ್ಲಿ 10 ನಿಮಿಷಕ್ಕೆ ಟೈಮರ್ ಇಟ್ಟು ಮಗುಚಿ ಹಾಕಿ. ಮೊದಮೊದಲು 5 ನಿಮಿಷವಾದರೂ ಸಾಕು.

ಶುರು ಮಾಡಿದ ಮೇಲೆ ಹಿಂದಿನ ಸಾಲು ಓದಬೇಡಿ. ಪದ ತಪ್ಪಾಯಿತೇ? ಹೊಡೆದು ಹಾಕಬೇಡಿ, ಪಕ್ಕದಲ್ಲೇ ಇನ್ನೊಂದು ಬರೆದು ಮುಂದೆ ಹೋಗಿ. ಒತ್ತು, ದೀರ್ಘ ಬಿಟ್ಟುಹೋದರೆ ಹೋಗಲಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ‘ಹೋಗುತ್ತೇನೆ’ ಬದಲು ‘ಹೋಗ್ತೀನಿ’ ಅಂತ ಬಂದರೆ ಹಾಗೇ ಬರಲಿ, ನಡುವೆ ಇಂಗ್ಲಿಷ್ ಪದ ನುಗ್ಗಿದರೆ ಅದೂ ಇರಲಿ. ಪುಸ್ತಕದ ಭಾಷೆಗೆ ತಿರುಗಿಸುವಷ್ಟರಲ್ಲಿ ಹೇಳಬೇಕಾದ್ದು ಜಾರಿಹೋಗಿರುತ್ತದೆ.

ಏನೂ ಹೊಳೆಯದಿದ್ದಾಗ? ಅದನ್ನೇ ಬರೆಯಿರಿ. ನನ್ನ ಒಂದು ಪುಟ ಹೀಗಿದೆ: ‘ಏನೂ ತೋಚ್ತಿಲ್ಲ ಏನೂ ತೋಚ್ತಿಲ್ಲ ಕಿಟಕಿ ಕಿರ್ ಅಂತಿದೆ ಎಣ್ಣೆ ಬಿಡ್ಬೇಕು ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಬಿಟ್ಟಿರೋರು ಅವರ ಕೈಯಲ್ಲಿ ಯಾವಾಗ್ಲೂ ಒಂದು ಹಳೇ ಬಟ್ಟೆ’. ಅಪ್ಪನ ಬಗ್ಗೆ ಬರೆಯಬೇಕು ಅಂತ ನಾನು ಕೂತಿರಲಿಲ್ಲ. ಹಾಗೆ ಕೂತಿದ್ದರೆ ಅವರ ಪ್ರೀತಿ, ತ್ಯಾಗ ಅಂತ ದೊಡ್ಡ ಮಾತುಗಳೇ ಬರುತ್ತಿದ್ದವು. ಆ ಹಳೇ ಬಟ್ಟೆ ಬರುತ್ತಿರಲಿಲ್ಲ. ಅದಕ್ಕೇ ನನಗೆ ಈ ಅಭ್ಯಾಸದ ಮೇಲೆ ಇಷ್ಟು ಪ್ರೀತಿ. ಮೊದಲ ಕೆಲವು ನಿಮಿಷ ಮೇಲ್ಮೇಲಿನ ಮಾತೇ ಬರುತ್ತದೆ: ಇವತ್ತಿನ ಕೆಲಸ, ಬೆನ್ನುನೋವು, ಯಾರದೋ ಮೇಲಿನ ಸಿಟ್ಟು. ಅದೆಲ್ಲ ಖಾಲಿಯಾಗಿ ಬೇಜಾರು ಶುರುವಾದಾಗ ಏಳಬೇಡಿ. ಒಳ್ಳೆಯದು ಬರುವುದು ಸಾಮಾನ್ಯವಾಗಿ ಅದರ ನಂತರವೇ.

ಬರೆದದ್ದನ್ನು ಯಾರಿಗೂ ತೋರಿಸಬೇಡಿ. ಎಷ್ಟೇ ಹತ್ತಿರದವರಾದರೂ ಬೇಡ. ‘ಇವರು ಓದುತ್ತಾರೆ’ ಅಂತ ಗೊತ್ತಾದ ಕ್ಷಣದಿಂದ ನಾವು ಅವರಿಗೆ ಇಷ್ಟವಾಗುವ ಹಾಗೆ ಬರೆಯತೊಡಗುತ್ತೇವೆ. ಇಡೀ ದಿನ ಒಬ್ಬರಲ್ಲ ಒಬ್ಬರಿಗೆ ಒಪ್ಪಿಗೆಯಾಗುವಂತೆ ಮಾತಾಡುವ ನಮಗೆ, ಯಾರ ಒಪ್ಪಿಗೆಯೂ ಬೇಡದ ಒಂದು ಪುಟ ಬೇಕು. ನೀವು ಕವಿಯೋ ಗುಮಾಸ್ತರೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ದಿನನಿತ್ಯದ ಕೆಲಸಕ್ಕೂ ಬಳಸಬಹುದು. ಪುಟದ ತಲೆಯಲ್ಲಿ ಒಂದು ಪ್ರಶ್ನೆ ಬರೆದು, ಅಲ್ಲಿಂದ ಕೈ ಓಡಿಸಿ. ‘ಈ ಫೋನ್ ಮಾಡೋಕೆ ನಾನ್ಯಾಕೆ ಮುಂದೂಡ್ತಿದೀನಿ?’ ‘ಈ ಕೆಲಸ ಬಿಟ್ರೆ ಏನಾಗುತ್ತೆ?’ ಕಷ್ಟದ ಪತ್ರವಿದ್ದರೆ ನಾನು ಮೊದಲು ಇಲ್ಲಿ ನಿಜಕ್ಕೂ ಹೇಳಬೇಕು ಅನ್ನಿಸಿದ್ದನ್ನೆಲ್ಲ ಹೇಳಿಬಿಡುತ್ತೇನೆ. ಆಮೇಲೆ ಬರೆಯುವ ಪತ್ರ ಚಿಕ್ಕದಾಗಿರುತ್ತದೆ, ಸಿಟ್ಟೂ ಇಳಿದಿರುತ್ತದೆ.

ಕಂಪ್ಯೂಟರಿನಲ್ಲಿ ಬರೆಯುವವರು ಸ್ಕ್ರೀನಿನ ಬೆಳಕನ್ನು ಪೂರ್ತಿ ಇಳಿಸಿ ಟೈಪ್ ಮಾಡಿ. ಕಾಣದಿದ್ದರೆ ತಿದ್ದುವುದು ಹೇಗೆ? ಪದ ಸೂಚಿಸುವ ಸೌಲಭ್ಯವನ್ನೂ ಆಫ್ ಮಾಡಿ. ಆದರೂ ನನ್ನ ಮತ ಕಾಗದಕ್ಕೇ.

ಬರೆದ ಕೂಡಲೇ ಓದಬೇಡಿ. ಒಂದು ವಾರ ಬಿಟ್ಟು, ಪೆನ್ಸಿಲ್ ಹಿಡಿದು ಓದಿ. ಹೆಚ್ಚಿನ ಭಾಗ ಸುಮ್ನೆ ಗೊಣಗಾಟ, ಇರಲಿ. ಎಲ್ಲಾದರೂ ಜೀವವಿರುವ ಒಂದು ವಾಕ್ಯ ಸಿಕ್ಕರೆ ಗೆರೆ ಎಳೆಯಿರಿ. ಮುಂದಿನ 10 ನಿಮಿಷವನ್ನು ಆ ವಾಕ್ಯದಿಂದಲೇ ಶುರು ಮಾಡಿ. ಎಲ್ಬೋ ಹೇಳಿಕೊಟ್ಟದ್ದೇ ಇದು. ಹೀಗೆ ಮೂರು ನಾಲ್ಕು ಸುತ್ತು ಹೋದರೆ ಕಥೆಗೋ ಪ್ರಬಂಧಕ್ಕೋ ಬೇಕಾದ ಬೀಜ ಸಿಗುತ್ತದೆ.

ಒಂದು ಎಚ್ಚರಿಕೆ. ಹೀಗೆ ಕೈ ತಡೆಯದೆ ಬರೆದಾಗ ಹಳೆಯ ನೋವೂ ಮೇಲೆ ಬರಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ದೊಡ್ಡ ನೋವಿನ ಬಗ್ಗೆ, ಮನಸ್ಸು ಬಿಚ್ಚಿ ಬರೆದವರಿಗೆ ಬರೆದ ಕೂಡಲೇ ಬೇಸರ ಹೆಚ್ಚಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಉಳಿದವರಿಗಿಂತ ಕಡಿಮೆ. ಹಾಗಂತ ಎಲ್ಲವನ್ನೂ ಬರೆಯಲೇಬೇಕು ಅಂತಿಲ್ಲ. ತಡೆಯಲಾಗದು ಅನ್ನಿಸಿದರೆ ಅಲ್ಲಿಗೇ ಬಿಟ್ಟು, ಕಣ್ಣೆದುರಿನ ಮೇಜಿನ ಬಗ್ಗೆ ಬರೆಯಿರಿ, ಇಲ್ಲವೇ ಎದ್ದುಬಿಡಿ. ಕೈ ನಿಲ್ಲಬಾರದು ಎಂಬ ನಿಯಮಕ್ಕೆ ಇದೊಂದೇ ವಿನಾಯಿತಿ.

ತುಂಬಿದ ನೋಟ್‌ಬುಕ್ಕನ್ನು ನಾನು ಇಟ್ಟುಕೊಳ್ಳುವುದಿಲ್ಲ. ಗೆರೆ ಎಳೆದ ವಾಕ್ಯಗಳನ್ನು ಬೇರೆ ಪುಸ್ತಕಕ್ಕೆ ಇಳಿಸಿಕೊಂಡು, ಉಳಿದದ್ದನ್ನು ಚೂರು ಚೂರು ಮಾಡಿ ಎಸೆಯುತ್ತೇನೆ. ಯಾರಾದರೂ ಓದಿಬಿಟ್ಟಾರು ಅನ್ನುವ ಹೆದರಿಕೆ ಇದ್ದವರು ವಾರದ ತನಕವೂ ಕಾಯಬೇಡಿ, ಬರೆದ ದಿನವೇ ಪುಟ ಹರಿದುಹಾಕಿ.