ಅನಾಟಮಿ: ಅರ್ಧ ಕಾಲೇಜಿನಲ್ಲಿ, ಅರ್ಧ ಮನೆಯಲ್ಲಿ

ಟೆಕ್ಸಸ್‌ನಲ್ಲಿ ನರ್ಸಿಂಗ್ ಓದಲು ಹೊರಟ ನಮ್ಮ ಕಡೆಯ ಹೆಣ್ಣುಮಕ್ಕಳು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಇದೇ: ಅನಾಟಮಿಯನ್ನು, ಅಂದರೆ ದೇಹರಚನೆಯ ಪಾಠವನ್ನು, ಆನ್‌ಲೈನ್ ತಗೊಳ್ಳಲಾ, ಕಾಲೇಜಿಗೆ ಹೋಗಲಾ? ನಾನು ಎರಡೂ ಮಾಡಿದವಳು. ಮೊದಲ ಭಾಗ ಕಾಲೇಜಿನಲ್ಲಿ, ಎರಡನೆಯದು ಮನೆಯಲ್ಲಿ ಕೂತು. ಇವತ್ತು ಮತ್ತೆ ಆರಿಸಿಕೋ ಅಂದರೂ ಇದೇ ಕ್ರಮದಲ್ಲಿ ಆರಿಸುತ್ತೇನೆ. ತಿರುಗುಮುರುಗು ಮಾಡುವುದಿಲ್ಲ.

ಕರ್ನಾಟಕದಲ್ಲಿ ಓದಿದವರಿಗೆ ಈ ಪ್ರಶ್ನೆಯೇ ವಿಚಿತ್ರ ಅನಿಸಬಹುದು. ಅಲ್ಲಿ ಪಿಯುಸಿ ಮುಗಿಸಿ ಬಿಎಸ್‌ಸಿ ನರ್ಸಿಂಗ್ ಸೇರಿದರೆ ಅನಾಟಮಿ ಮೊದಲ ಸೆಮಿಸ್ಟರಿನಲ್ಲೇ, ಅದೇ ಕಾಲೇಜಿನಲ್ಲೇ ಇರುತ್ತದೆ. ಇಲ್ಲಿ ಲೆಕ್ಕ ಬೇರೆ. ಸಾಮಾನ್ಯವಾಗಿ ಮೊದಲು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಅನಾಟಮಿ ಮತ್ತು ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ) ಪಾಸಾಗಬೇಕು. ಆ ಗ್ರೇಡು ಕೈಯಲ್ಲಿಟ್ಟುಕೊಂಡು ನರ್ಸಿಂಗಿಗೆ ಅರ್ಜಿ ಹಾಕಬೇಕು. ಟೆಕ್ಸಸ್‌ನ ಕಮ್ಯುನಿಟಿ ಕಾಲೇಜುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೇ ನಂಬರು: ಬಯಾಲಜಿ 2401 ಮತ್ತು 2402. ಒಂದೊಂದಕ್ಕೆ 4 ಕ್ರೆಡಿಟ್, ಎರಡಕ್ಕೂ ಲ್ಯಾಬ್ ಉಂಟು. 2401ರಲ್ಲಿ ಜೀವಕೋಶ, ಅಂಗಾಂಶ, ಚರ್ಮ, ಮೂಳೆ, ಸ್ನಾಯು, ನರ ಬರುತ್ತವೆ. 2402ರಲ್ಲಿ ಹಾರ್ಮೋನು, ರಕ್ತ, ಹೃದಯ, ಉಸಿರಾಟ, ಜೀರ್ಣ, ಕಿಡ್ನಿ, ಸಂತಾನೋತ್ಪತ್ತಿ.

ಯಾವುದಕ್ಕೂ ಮೊದಲು ನೀವು ಮುಂದೆ ಸೇರಬೇಕೆಂದಿರುವ ನರ್ಸಿಂಗ್ ಸ್ಕೂಲಿಗೆ ಒಂದು ಈಮೇಲ್ ಹಾಕಿ. ಕೇಳಬೇಕಾದ್ದು "ಆನ್‌ಲೈನ್ ಕೋರ್ಸ್ ಒಪ್ಪುತ್ತೀರಾ" ಅಂತಲ್ಲ, "ಆನ್‌ಲೈನ್ ಲ್ಯಾಬ್ ಒಪ್ಪುತ್ತೀರಾ" ಅಂತ. ಪಾಠ ಎಲ್ಲಿ ಕೇಳಿದಿರಿ ಅನ್ನುವುದಕ್ಕಿಂತ ಲ್ಯಾಬ್ ಎಲ್ಲಿ ಮಾಡಿದಿರಿ ಅನ್ನುವುದರ ಬಗ್ಗೆ ಕೆಲವು ಸ್ಕೂಲುಗಳು ತುಂಬಾ ಕಟ್ಟುನಿಟ್ಟು. ವಿಜ್ಞಾನದ ಗ್ರೇಡು ಎಷ್ಟು ವರ್ಷ ಹಳೆಯದಾದರೆ ನಡೆಯುತ್ತದೆ ಎಂಬುದನ್ನೂ ಅದೇ ಈಮೇಲ್‌ನಲ್ಲಿ ಕೇಳಿಬಿಡಿ. ನಾನು ಅರ್ಜಿ ಹಾಕಬೇಕೆಂದಿದ್ದ ಕಡೆಗಳಲ್ಲಿ ಒಂದು ಸ್ಕೂಲು ಮನೆಯಲ್ಲಿ ಮಾಡಿದ ಲ್ಯಾಬ್ ಬೇಡವೇ ಬೇಡ ಅಂದಿತು. ಆ ಸ್ಕೂಲನ್ನು ಪಟ್ಟಿಯಿಂದ ತೆಗೆದೆ. ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ, ಬರವಣಿಗೆಯಲ್ಲಿ ಉತ್ತರ ಇರಲಿ.

ಮೊದಲ ಭಾಗವನ್ನು ಕಾಲೇಜಿಗೇ ಹೋಗಿ ಕಲಿಯಿರಿ ಅಂತ ನಾನು ಹಟ ಹಿಡಿಯುವುದು ಮೂಳೆಗಳ ಕಾರಣಕ್ಕೆ. ದೊಡ್ಡವರ ಮೈಯಲ್ಲಿ 206 ಮೂಳೆ. ಹೆಸರು ಬಾಯಿಪಾಠ ಮಾಡುವುದು ಅಂಥ ಕಷ್ಟವಲ್ಲ, ಮಗ್ಗಿ ಕಲಿತವರು ನಾವು. ಕಷ್ಟ ಇರುವುದು ಒಂದೊಂದು ಮೂಳೆಯ ಮೇಲಿನ ಉಬ್ಬು, ತಗ್ಗು, ತೂತುಗಳಲ್ಲಿ. ಪುಸ್ತಕದ ಚಿತ್ರ ಯಾವಾಗಲೂ ಒಂದೇ ಕೋನದಿಂದ ಇರುತ್ತದೆ. ಆಪ್‌ನಲ್ಲಿ ಮೂಳೆ ತಿರುಗಿಸಬಹುದು ನಿಜ, ಆದರೆ ಬೆರಳಿಟ್ಟ ಕೂಡಲೇ ಹೆಸರು ತೋರಿಸಿಬಿಡುತ್ತದೆ. ಗೊತ್ತಿದೆ ಅಂತ ಮನಸ್ಸಿಗೆ ಸುಮ್ನೆ ಸಮಾಧಾನ. ಲ್ಯಾಬ್ ಟೇಬಲ್ಲಿನ ಮೇಲೆ ತೊಡೆಯ ಮೂಳೆ, ಅಂದರೆ ಫೀಮರ್, ತಲೆಕೆಳಗಾಗಿ ಬಿದ್ದಿರುತ್ತದೆ. ಎಡಗಾಲಿನದಾ ಬಲಗಾಲಿನದಾ ಹೇಳಬೇಕು. ಅದನ್ನು ಎತ್ತಿಕೊಂಡು, ಹಿಂಭಾಗದಲ್ಲಿ ಉದ್ದಕ್ಕೆ ಇಳಿಯುವ ಒರಟು ಗೆರೆಯನ್ನು ಬೆರಳಿಂದ ಹುಡುಕಿ ಹಿಂದಕ್ಕೆ ಮಾಡಿ, ದುಂಡನೆಯ ತಲೆಯನ್ನು ಮೇಲಕ್ಕೆ ಹಿಡಿದರೆ ಆ ತಲೆ ಮೈಯ ಒಳಬದಿಗೆ ತಿರುಗಿರಬೇಕು. ಅದು ನಿಮ್ಮ ಎಡಕ್ಕೆ ತಿರುಗಿದ್ದರೆ ಬಲಗಾಲು. ಓದುವಾಗ ಗೊಂದಲ, ಕೈಯಲ್ಲಿ ಹಿಡಿದರೆ ಕ್ಷಣದ ಕೆಲಸ.

ಪರೀಕ್ಷೆಯೂ ಹಾಗೇ. ಲ್ಯಾಬ್ ಪ್ರಾಕ್ಟಿಕಲ್ ಅಂದರೆ ಕೋಣೆಯ ತುಂಬ ಟೇಬಲ್ಲು, ಒಂದೊಂದರ ಮೇಲೆ ಒಂದು ಮಾಡೆಲ್ಲು ಅಥವಾ ಮೈಕ್ರೋಸ್ಕೋಪು, ಒಂದು ಬಾಣದ ಚೀಟಿ. ಬೆಲ್ ಹೊಡೆಯುವುದರೊಳಗೆ ಉತ್ತರ ಬರೆದು ಮುಂದಿನ ಟೇಬಲ್ಲಿಗೆ ಸರಿಯಬೇಕು. ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ. ಅಭ್ಯಾಸಕ್ಕೆಂದು ಲ್ಯಾಬ್ ತೆರೆದಿಡುವ ಹೊತ್ತಿನಲ್ಲಿ ನಾನು ಹೋಗಿ, ಜೊತೆಯವಳಿಗೆ ಕಣ್ಣು ಮುಚ್ಚಿಸಿ ಕೈಗೆ ಮೂಳೆ ಕೊಡುತ್ತಿದ್ದೆ. ಅವಳೂ ನನಗೆ ಹಾಗೇ ಮಾಡುತ್ತಿದ್ದಳು. ನಾನು ಪಾಸಾದದ್ದು ಹೆಚ್ಚಾಗಿ ಈ ಆಟದಿಂದಲೇ.

ಇದು ಬರೀ ಪರೀಕ್ಷೆಯ ಮಾತಲ್ಲ. ಸೊಂಟದ ಪಕ್ಕದಲ್ಲಿ ಸ್ನಾಯುವಿಗೆ ಇಂಜೆಕ್ಷನ್ ಕೊಡುವಾಗ ರೋಗಿಯ ಮೈಮೇಲೆ ಹೆಸರು ಬರೆದಿರುವುದಿಲ್ಲ. ಅಂಗೈಯನ್ನು ತೊಡೆಮೂಳೆಯ ಹೊರಗಿನ ದೊಡ್ಡ ಉಬ್ಬಿನ ಮೇಲಿಡಬೇಕು. ತೋರುಬೆರಳು ಸೊಂಟದ ಮೂಳೆಯ ಮುಂದಿನ ಮೊನೆಗೆ, ನಡುಬೆರಳು ಅದರ ಅಂಚಿನ ಗುಂಟ ಹಿಂದಕ್ಕೆ. ಆ ಎರಡು ಬೆರಳಿನ ಸಂದಿಯಲ್ಲಿ ಸೂಜಿ. ಹಿಂದೆ ಪಿರ್ರೆಗೆ ಚುಚ್ಚುತ್ತಿದ್ದರಲ್ಲ, ಅಲ್ಲಿ ಕಾಲಿಗೆ ಇಳಿಯುವ ದೊಡ್ಡ ಸಯಾಟಿಕ್ ನರಕ್ಕೆ ತಾಗುವ ಭಯವಿದೆ ಅಂತ ಈ ಜಾಗ ಕಲಿಸುತ್ತಾರೆ. ಲ್ಯಾಬಿನಲ್ಲಿ ಆ ಉಬ್ಬನ್ನು ಮುಟ್ಟಿ ನೋಡಿದ್ದ ಬೆರಳುಗಳಿಗೆ ಚರ್ಮದ ಮೇಲಿಂದ ಅದನ್ನು ಹುಡುಕುವುದು ಸಲೀಸಾಯಿತು.

ಎರಡನೆಯ ಭಾಗದ ಸ್ವಭಾವವೇ ಬೇರೆ. ಅಲ್ಲಿ ಜಾಗಕ್ಕಿಂತ ನಡೆ ಮುಖ್ಯ. ಯಾವುದರ ನಂತರ ಯಾವುದು, ಯಾಕೆ. ಕಿಡ್ನಿಯನ್ನೇ ತಗೊಳ್ಳಿ. ಎರಡೂ ಸೇರಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಹೊರಗೆ ಬರುವ ಮೂತ್ರ ಒಂದೂವರೆ ಲೀಟರ್ ಆಸುಪಾಸು. ಉಳಿದದ್ದು ವಾಪಸ್ ಹೇಗೆ ಹೋಯಿತು? ನೆಫ್ರಾನಿನ, ಅಂದರೆ ಕಿಡ್ನಿಯೊಳಗಿನ ಸೋಸುವ ಸಣ್ಣ ನಳಿಕೆಯ, ಯಾವ ತಿರುವಿನಲ್ಲಿ ಉಪ್ಪು, ಯಾವ ತಿರುವಿನಲ್ಲಿ ನೀರು? ಬಿಪಿ ಇಳಿದಾಗ ಅದನ್ನು ಮತ್ತೆ ಏರಿಸಲು ಕಿಡ್ನಿ ರೆನಿನ್ ಎಂಬ ರಾಸಾಯನಿಕ ಬಿಟ್ಟು, ಅಲ್ಲಿಂದ ಆಂಜಿಯೋಟೆನ್ಸಿನ್, ಅಲ್ಲಿಂದ ಆಲ್ಡೋಸ್ಟಿರಾನ್ ಎಂಬ ಹಾರ್ಮೋನು ಅಂತ ಸರಪಳಿ ಎಳೆಯುತ್ತದೆ. ಕ್ಲಾಸಿನಲ್ಲಿ ಪ್ರೊಫೆಸರು ಇದನ್ನು ಒಂದು ಸಲ ಹೇಳಿ ಮುಂದೆ ಹೋಗುತ್ತಾರೆ. ವಿಡಿಯೋ ಆದರೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಬಹುದು. ಅಮೆರಿಕನ್ ಉಚ್ಚಾರಕ್ಕೆ ಕಿವಿ ಇನ್ನೂ ಪಳಗಿರದವರಿಗೆ ಇದು ದೊಡ್ಡ ಅನುಕೂಲ. ಮಗು ಮಲಗಿದ ಮೇಲೆ ನನಗೆ ಸಿಗುತ್ತಿದ್ದ ಹೊತ್ತಿಗೆ ಯಾವ ಕಾಲೇಜೂ ಕ್ಲಾಸ್ ಇಡುತ್ತಿರಲಿಲ್ಲ ಬಿಡಿ.

ಪಾಠ ಅರ್ಥವಾಗಿದೆಯಾ ಅಂತ ತಿಳಿಯಲು ನಾನು ಅಮ್ಮನಿಗೆ ಕನ್ನಡದಲ್ಲಿ ವಿವರಿಸುತ್ತಿದ್ದೆ. ಬಿಪಿ ಮಾತ್ರೆ ನುಂಗುವವರು, ಹಾಗಾಗಿ ಆಸಕ್ತಿಯೂ ಇತ್ತು. "ಅದು ಸರಿ, ನೀರು ಯಾಕೆ ಉಪ್ಪಿನ ಹಿಂದೆ ಹೋಗತ್ತೆ?" ಅಂತ ಅವರು ಕೇಳಿ ನಾನು ತಡವರಿಸಿದೆನೋ, ಮತ್ತೆ ವಿಡಿಯೋಗೆ ವಾಪಸ್. ಪಠ್ಯಕ್ಕೆ ಓಪನ್‌ಸ್ಟ್ಯಾಕ್ಸ್‌ನ ಅನಾಟಮಿ ಪುಸ್ತಕ ಸಾಕಾಯಿತು. ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಯೋಜನೆ ಅದು, ಪೂರ್ತಿ ಉಚಿತ.

ಮನೆಯ ಲ್ಯಾಬಿಗೆ ಕಿಟ್ ಅಂಚೆಯಲ್ಲಿ ಬರುತ್ತದೆ. ನನ್ನದರಲ್ಲಿ ಕುರಿಯ ಹೃದಯ ಇತ್ತು, ಔಷಧಿ ವಾಸನೆ ಸಮೇತ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ. ಆಗ ಇಲ್ಲಿಗೇ ಬಂದಿದ್ದ ಅಮ್ಮ ಡಬ್ಬಿ ನೋಡಿ, "ಓದು ಬೇಡ ಅನ್ನಲ್ಲ ಕಣೇ, ಆದರೆ ಇದನ್ನ ಒಳಗೆ ತರಬೇಡ" ಅಂದರು. ಗರಾಜಿನಲ್ಲಿ ಹಳೆ ಪೇಪರ್ ಹಾಸಿ, ಬಾಗಿಲು ಎತ್ತಿಟ್ಟು ಕೊಯ್ದೆ. ಪಕ್ಕದಲ್ಲಿ ನನ್ನ ಹೆಸರಿನ ಚೀಟಿ ಇಟ್ಟು ಫೋಟೋ ತೆಗೆದು ಕಳಿಸಬೇಕಿತ್ತು. ಎಡ ಕುಹರದ (ಹೃದಯದ ಕೆಳಗಿನ ಕೋಣೆಯ) ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪ ಅನ್ನುವುದು ಕತ್ತರಿ ಹಾಕಿದಾಗಲೇ ಗೊತ್ತಾಯಿತು. ಆದರೂ ಒಂದು ಕೊರತೆ ಕಾಡಿತು. ಕವಾಟಕ್ಕೆ ಕಟ್ಟಿದ ಬಿಳಿ ಎಳೆಗಳನ್ನು ನೋಡಿ ಇದು ಅದೇನಾ ಅಂತ ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಈಮೇಲ್ ಉತ್ತರ ಬರುವ ಹೊತ್ತಿಗೆ ಹೃದಯ ಕಸದ ಬುಟ್ಟಿ ಸೇರಿರುತ್ತದೆ.

ಮನೆಯಲ್ಲಿ ಬರೆಯುವ ಪರೀಕ್ಷೆ ಸುಲಭ ಅಂದುಕೊಂಡರೆ ಕೆಟ್ಟಿರಿ. ಕ್ಯಾಮೆರಾ ತಿರುಗಿಸಿ ಕೋಣೆಯನ್ನೆಲ್ಲ ತೋರಿಸಬೇಕು, ಬೇರೆ ಪುಟ ತೆರೆಯುವ ಹಾಗಿಲ್ಲ, ಬಾಯಲ್ಲಿ ಗುನುಗಿದರೂ ಅನುಮಾನ. ಮಗುವನ್ನು ಆ ಹೊತ್ತಿಗೆ ಹೊರಗೆ ಕರೆದೊಯ್ಯಲು ಯಾರಾದರೂ ಬೇಕು.

ಕಾಲೇಜಿಗೆ ಹೋಗಲು ಅಷ್ಟು ಪುರುಸೊತ್ತಿಲ್ಲ ಅನ್ನುವವರು ಹೈಬ್ರಿಡ್ ಹುಡುಕಿ: ಪಾಠ ಆನ್‌ಲೈನ್, ಲ್ಯಾಬ್ ಮಾತ್ರ ಕಾಲೇಜಿನಲ್ಲಿ. ನಾನು ಸೇರುವಾಗ 2401ಕ್ಕೆ ನನ್ನ ಕಾಲೇಜಿನಲ್ಲಿ ಅದು ಇರಲಿಲ್ಲ, ಇದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಬೇಸಿಗೆಯ 5 ವಾರದ ಕೋರ್ಸಿನ ಆಸೆಗೆ ಮಾತ್ರ ಬೀಳಬೇಡಿ. 16 ವಾರದ ಸರಕನ್ನೇ ಅದರಲ್ಲಿ ತುರುಕಿರುತ್ತಾರೆ, ಮೂಳೆ ಕೈಗೆ ಒಗ್ಗುವ ಮೊದಲೇ ಸ್ನಾಯು ಶುರುವಾಗಿರುತ್ತದೆ. ನೋಂದಣಿ ತೆರೆದ ದಿನವೇ ಸಂಜೆಯ ಲ್ಯಾಬ್ ಸೀಟು ಹಿಡಿಯಿರಿ. ಕೆಲಸಕ್ಕೆ ಹೋಗುವವರೆಲ್ಲ ಅದಕ್ಕೇ ಕಾಯುತ್ತಿರುತ್ತಾರೆ, ಬೆಳಗಿನದು ಆಮೇಲೂ ಸಿಗುತ್ತದೆ.