ಅಜ್ಜಿಮನೆ ಹೊಗೆಯ ಚಿತ್ರ ಬಿಡಿಸೋದು ಹೇಗೆ

ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿಮನೆ ಚಿತ್ರ ಪೇಂಟ್ ಮಾಡ್ಬೇಕು ಅಂತ ಮೊದಲ ಸಲ ಕೂತಾಗ ಬಾವಿ, ಕೊಟ್ಟಿಗೆ, ಹಲಸಿನ ಮರ, ಅಡಿಕೆ ತೋಟ, ಅಂಗಳದಲ್ಲಿ ಅಜ್ಜಿ, ನೆನಪಿದ್ದಿದ್ದೆಲ್ಲಾ ತುಂಬ್ಸಿ ಕೊನೆಗೆ ಅದು ಸೊಸೈಟಿಯವರು ಕೊಡೋ ಕ್ಯಾಲೆಂಡರ್ ಥರ ಆಗೋಯ್ತು.

ಅದಕ್ಕೇ ಹೇಳೋದು, ಪೆನ್ಸಿಲ್ ಹಿಡಿಯೋ ಮುಂಚೆ ಕಣ್ಣು ಮುಚ್ಚಿ ಮೊದಲು ಏನು ಬರತ್ತೆ ನೋಡಿ. ನಂಗೆ ಬಂದಿದ್ದು ಮನೆ ಅಲ್ಲ, ಮಳೆಗಾಲದ ಬೆಳಿಗ್ಗೆ ಬಚ್ಚಲೊಲೆ ಹೊಗೆ ಹಂಚಿನ ಸಂದಿಯಿಂದ ಹೊರಗೆ ಬಂದು ಮೇಲೆ ಹೋಗೋಕೂ ಆಗ್ದೆ ಮಾಡಿನ ಮೇಲೇ ಮಲ್ಕೊಂಡಿರೋದು. ಚಿತ್ರ ಅಂದ್ರೆ ಅದೇ. ಅದಕ್ಕೆ ಉಪಯೋಗ ಇಲ್ದಿರೋದನ್ನ ತೆಗೀರಿ. ಬಾವಿ ಹೋಯ್ತು, ಕೊಟ್ಟಿಗೆ ಹೋಯ್ತು, ಅಜ್ಜಿನ ತೆಗೆಯೋಕೆ ಮಾತ್ರ ಎರಡು ದಿನ ಬೇಕಾಯ್ತು.

ಆಮೇಲೆ ಥಂಬ್‌ನೇಲ್. ಅಂದ್ರೆ ಪುಟ್ಟ ಕರಡು ಚಿತ್ರ: ಬೆಂಕಿಪೊಟ್ಟಣ ಸೈಜಿನ 5-6 ಚೌಕ, ಒಂದೊಂದಕ್ಕೆ 2 ನಿಮಿಷ, ರಬ್ಬರ್ ಮುಟ್ಲೇಬೇಡಿ. ಅಡಿಕೆ ಮರ ಉದ್ದ ಅಲ್ವಾ, ಪೇಪರ್ ಉದ್ದಕ್ಕೆ ತಿರುಗಿಸಿ ಮಾಡನ್ನ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿದೆ, ಹೊಗೆಗೆ ಜಾಗ ಸಿಕ್ತು. ಮರ ಸಮ ಅಂತರದಲ್ಲಿ ನಿಲ್ಲಿಸಿದ್ರೆ ಬೇಲಿ ಆಗತ್ತೆ, ಹುಷಾರು.

ಈಗ 4ಬಿ ಅನ್ನೋ ಮೆದು, ಗಾಢ ಪೆನ್ಸಿಲಲ್ಲಿ ಬಿಳಿ, ಬೂದು, ಕಪ್ಪು ಮೂರೇ ಟೋನ್ ಹಾಕಿ ನೋಡಿ. ಎಲ್ಲರೂ ಸ್ಕಿಪ್ ಮಾಡೋದು ಇದನ್ನೇ. ಬಿಳಿ ಹೊಗೆ ಬಿಳಿ ಆಕಾಶದ ಮುಂದೆ ಕಾಣಲ್ಲ, ಹಿಂದೆ ಕಪ್ಪು ಬೇಕೇ ಬೇಕು, ಹಾಗಾಗಿ ಮನೆ ಎಡಕ್ಕಿದ್ದ ತೋಟನ ಎಳ್ಕೊಂಡು ಬಂದು ಮಾಡಿನ ಹಿಂದೆ ನಿಲ್ಲಿಸ್ದೆ. ಹಂಚು ಹೆಂಗಿರತ್ತೆ ಅಂತ ಫೋಟೋ ನೋಡೋದಿದ್ರೆ ಇಷ್ಟೆಲ್ಲಾ ಸೆಟ್ ಆದ್ಮೇಲೆ ನೋಡಿ, ಮೊದಲೇ ನೋಡಿದ್ರೆ ನೆನಪು ಹೋಗಿ ಫೋಟೋ ಕೂತ್ಕೊಳತ್ತೆ.

ಜಲವರ್ಣಕ್ಕೆ 300 ಜಿಎಸ್ಎಂ ಅನ್ನೋ ದಪ್ಪ ಪೇಪರ್ ತಗೊಳ್ಳಿ, ತೆಳು ಪೇಪರ್ ನೀರು ಬಿದ್ರೆ ಹಪ್ಪಳ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಕಲಸಿದ್ರೆ ಮಳೆಗಾಲದ ಬೂದು, ಸಿಯೆನ್ನಾ ಜಾಸ್ತಿ ಆದ್ರೆ ನೆಂದ ಹಂಚು. ದೂರದ ಮರ ತೆಳು ನೀಲಿ, ಹತ್ತಿರದ್ದು ಗಾಢ. ಹೊಗೆಗೆ ಬಣ್ಣನೇ ಬೇಡ, ಪೇಪರ್ ಖಾಲಿ ಬಿಟ್ಟು ಸುತ್ತ ಹಸಿ ಇರೋವಾಗ್ಲೇ ಒದ್ದೆ ಬ್ರಶ್ಶಲ್ಲಿ ಅಂಚು ಕರಗಿಸಿ. ಮೈಸೂರಿನ ಹಳೇ ಚಿತ್ರಕಾರ ಕೆ. ವೆಂಕಟಪ್ಪ ಅವರ ಊಟಿ ಜಲವರ್ಣಗಳು ಎಲ್ಲಾದ್ರೂ ಸಿಕ್ರೆ ಮಂಜಿನ ಜಾಗ ಮಾತ್ರ ಹತ್ತು ನಿಮಿಷ ನೋಡಿ.

ಮುಗಿದ್ಮೇಲೆ ಅಮ್ಮಂಗೆ ತೋರಿಸ್ದೆ. "ತೋಟ ಅಲ್ಲಿರ್ಲಿಲ್ವಲ್ಲೋ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಯಾರೋ ಒಲೆಗೆ ಹಸಿ ಸೌದೆ ಹಾಕಿದಾರೆ ನೋಡು."