ಎಐ ಚಾಟ್‌ಬಾಟ್ ಬೇಡ ಅಂದೆ, ರಿಜಿಸ್ಟರ್ ತೋರಿಸಿದೆ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಇರುವುದೇ ಹತ್ತು ಹನ್ನೆರಡು ಜನ. ಗೊಬ್ಬರ, ಸಿಮೆಂಟ್, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕಳೆದ ವರ್ಷ ಎಐ ಚಾಟ್‌ಬಾಟ್ ಹಾಕಲೇಬೇಕು ಅಂತ ಎಲ್ಲರೂ ಹಟ ಹಿಡಿದಾಗ ಬೇಡ ಅಂದವನು ನಾನೊಬ್ಬನೇ. ಆಗ ನಕ್ಕವರು ಈಗ ಫೋನ್ ಮಾಡಿ 'ನಿಮ್ಮ ಆ ರಿಜಿಸ್ಟರ್ ಪದ್ಧತಿ ಸ್ವಲ್ಪ ಹೇಳ್ರಿ' ಅನ್ನುತ್ತಿದ್ದಾರೆ. ಹೊಸ ಟೆಕ್ನಾಲಜಿ ಬಗ್ಗೆ ಯಾರು ಏನು ಹೇಳಿದರು ಅಂತ ತಾರೀಖು ಹಾಕಿ ಬರೆದಿಟ್ಟು, ನಿಜವಾಯಿತಾ ಅಂತ ಆಮೇಲೆ ನೋಡುವ ಪುಸ್ತಕ ಅದು. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.  

ರಿಜಿಸ್ಟರ್ ಶುರುವಾಗಿದ್ದು 2016ರ ನವೆಂಬರ್‌ನಲ್ಲಿ, ನೋಟು ರದ್ದಾದ ವಾರ. ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದಲ್ಲಿ ಹೂತಿಟ್ಟರೂ ಸ್ಯಾಟಲೈಟ್ ಹುಡುಕುತ್ತೆ ಅಂತ ಟಿವಿಯವರು ಗ್ರಾಫಿಕ್ಸ್ ಹಾಕಿ ತೋರಿಸಿದರು. ಬ್ಯಾಟರಿ ಎಲ್ಲಿದೆ, ಸಿಗ್ನಲ್ ಹೇಗೆ ಹೋಗುತ್ತೆ ಅಂತ ಕೇಳಿದೆ. 'ನಿಮಗ ಗೊತ್ತಿಲ್ರೀ, ಅದು ಹೊಸಾ ಟೆಕ್ನಾಲಜಿ' ಅಂದರು ಗಿರಾಕಿಗಳು. ಓದಿದವರೇ. ವಾದ ಮಾಡಿ ಗಂಟಲು ಹೋಯಿತೇ ಹೊರತು ಒಬ್ಬರೂ ಒಪ್ಪಲಿಲ್ಲ. ಅವತ್ತು ಹಳೆ ಲೆಜರ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟೆ. ಅಂಥ ಚಿಪ್ ಇಲ್ಲ ಅಂತ ಆರ್‌ಬಿಐ ಹೇಳಿದ ಮೇಲೂ ಕೆಲವರು ನಂಬಿಕೊಂಡೇ ಇದ್ದರು. 2023ರಲ್ಲಿ ಆ ನೋಟನ್ನೇ ಚಲಾವಣೆಯಿಂದ ವಾಪಸ್ ತೆಗೆದುಕೊಳ್ಳಲು ಶುರು ಮಾಡಿದಾಗ ಪುಟ ತೆಗೆದು ತೋರಿಸಿದೆ. ಆಗ ಒಬ್ಬರೂ ಎದುರು ಮಾತಾಡಲಿಲ್ಲ.

ಮೊದಲ ಎರಡು ವರ್ಷ ರಿಜಿಸ್ಟರ್ ಏನೂ ಕೆಲಸಕ್ಕೆ ಬರಲಿಲ್ಲ. ಹೆಡ್‌ಲೈನ್ ಬರೆದು ಪಕ್ಕಕ್ಕೆ 'ಬುರುಡೆ' ಅಂತ ಬರೆದರೆ ಆಮೇಲೆ ಓದಿದಾಗ ನನ್ನ ಸಿಟ್ಟು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಎಕ್ಸೆಲ್‌ಗೆ ಹಾಕಿದೆ. ಆರು ತಿಂಗಳು ಯಾರೂ ಅದನ್ನು ತೆರೆಯಲಿಲ್ಲ, ಒಮ್ಮೆ ತೆರೆದಾಗ 'ಇದು ನೀ ಆಮೇಲೆ ತಿದ್ದಿರಬಹುದು' ಅಂದರು. ಮತ್ತೆ ಪುಸ್ತಕಕ್ಕೇ ಬಂದೆ. ಪೆನ್ನಿನಲ್ಲಿ ಬರೆದ ತಾರೀಖಿನ ಮೇಲೆ ಆ ಮಾತು ಬರಲ್ಲ. ಸುದ್ದಿಯ ಲಿಂಕ್ ಬರೆದಿಟ್ಟದ್ದೂ ದಂಡ, ಎಷ್ಟೋ ಲಿಂಕ್ ಸತ್ತು ಹೋದವು. ಈಗ ಪ್ರಿಂಟ್ ತೆಗೆದು ಅಂಟಿಸುತ್ತೇನೆ.

ಕೊನೆಗೆ ನಿಂತದ್ದು ನಾಲ್ಕು ಕಾಲಂ. ಹೇಳಿದ್ದು ಯಾರು. ಅವರಿಗೆ ಇದರಿಂದ ಬರುವುದೇನು. ಯಾವತ್ತಿನೊಳಗೆ ಆಗುತ್ತೆ ಅಂದಿದ್ದಾರೆ. ಏನು ಕಂಡರೆ ಸುಳ್ಳಾಯಿತು ಅಂತ ಒಪ್ಪಬೇಕು. ನಾಲ್ಕನೆಯದು ತುಂಬಿಸುವುದೇ ಕಷ್ಟ. 'ಜಗತ್ತೇ ಬದಲಾಗಲಿದೆ' ಅನ್ನುವಂಥ ಸುದ್ದಿಗೆ ಅಲ್ಲಿ ಬರೆಯಲು ಏನೂ ಸಿಗಲ್ಲ. ಸಿಗದಿದ್ದರೆ ಗೆರೆ ಎಳೆದು ಮುಂದಕ್ಕೆ ಹೋಗುತ್ತೇನೆ, ಅದರ ಬಗ್ಗೆ ಯೋಚನೆಯೇ ಮಾಡಲ್ಲ. ಅರ್ಧಕ್ಕಿಂತ ಜಾಸ್ತಿ ಸುದ್ದಿ ಅಲ್ಲೇ ಉದುರಿಹೋಗುತ್ತೆ.

ತಾರೀಖು ಕೊಟ್ಟು ಮಾತಾಡಿದವರ ಸಾಲುಗಳೇ ಓದಲು ಮಜಾ. 2017 ಮುಗಿಯುವುದರೊಳಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಕಾರು ತಾನೇ ಓಡಿಸಿಕೊಂಡು ಹೋಗುತ್ತೆ ಅಂತ ಟೆಸ್ಲಾ ಕಾರು ಕಂಪನಿಯ ಇಲಾನ್ ಮಸ್ಕ್ 2016ರಲ್ಲಿ ಹೇಳಿದ್ದರು. 2019ರಲ್ಲಿ, ಮುಂದಿನ ವರ್ಷ ಡ್ರೈವರ್ ಇಲ್ಲದ ಹತ್ತು ಲಕ್ಷ ರೋಬೋಟ್ಯಾಕ್ಸಿ ರಸ್ತೆಗೆ ಬರುತ್ತವೆ ಅಂದರು. ಐದು ವರ್ಷದಲ್ಲಿ ಯಂತ್ರ ರೇಡಿಯಾಲಜಿಸ್ಟ್‌ಗಳನ್ನು, ಅಂದರೆ ಸ್ಕ್ಯಾನ್ ಓದುವ ಡಾಕ್ಟರ್‌ಗಳನ್ನು ಮೀರಿಸುತ್ತೆ, ಹೊಸಬರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಿ ಅಂತ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಹೇಳಿದ್ದೂ 2016ರಲ್ಲೇ. ನಮ್ಮ ವಿದ್ಯಾನಗರದ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಇವತ್ತಿಗೂ ಡಾಕ್ಟರ್ ಸಹಿ ಆಗುವ ತನಕ ರಿಪೋರ್ಟ್ ಕೈಗೆ ಸಿಗಲ್ಲ. ಹಿಂಟನ್ ದೊಡ್ಡ ಮನುಷ್ಯ, 2024ರಲ್ಲಿ ನೊಬೆಲ್ ಬಂತು. ಆದರೆ ತಾರೀಖು ತಾರೀಖೇ.

ಬ್ಲಾಕ್‌ಚೈನ್ ಕಾಲ ನೆನಪಿದೆಯಾ? ಒಬ್ಬರನ್ನೊಬ್ಬರು ನಂಬದ ಹಲವರು ಒಂದೇ ಲೆಕ್ಕದ ನಕಲು ಇಟ್ಟುಕೊಂಡು, ಯಾರೂ ಗುಟ್ಟಾಗಿ ತಿದ್ದದ ಹಾಗೆ ನೋಡಿಕೊಳ್ಳುವ ಪದ್ಧತಿ ಅದು. 2017ರ ಕೊನೆಗೆ ಅಮೆರಿಕದಲ್ಲಿ ಐಸ್ ಟೀ ಮಾರುವ ಕಂಪನಿಯೊಂದು ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಅಂತ ಬದಲಿಸಿತು, ಅಷ್ಟಕ್ಕೇ ಷೇರು ಸುಮಾರು ಮೂರು ಪಟ್ಟು ಏರಿತು. ಅದೇ ಹೊತ್ತಿಗೆ ನಮ್ಮ ಡಿಸ್ಟ್ರಿಬ್ಯೂಟರ್ ಒಬ್ಬರು ಗೋಡೌನ್ ಸ್ಟಾಕ್‌ಗೆ ಬ್ಲಾಕ್‌ಚೈನ್ ಮಾಡಿಕೊಡಿ ಅಂತ ಬಂದರು. ಗೋಡೌನ್ ಒಂದು, ಬೀಗದ ಕೈ ಒಂದು, ಅದೂ ಅವರ ಜೇಬಿನಲ್ಲೇ. ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ ಅಂತ ಕೇಳಿದರೆ ಉತ್ತರ ಇಲ್ಲ. ಅಳಿಸಲು ಬಾರದ ಹಾಗೆ ಒಂದು ಟೇಬಲ್ ಮಾಡಿ, ಪ್ರತಿ ಸಾಲಿಗೆ ಹಿಂದಿನ ಸಾಲಿನ ಹ್ಯಾಶ್ (ಸಾಲು ತಿದ್ದಿದರೆ ಹೊಂದದೆ ಹೋಗುವ ಗುರುತಿನ ಸಂಖ್ಯೆ) ಸೇರಿಸಿ ಕೊಟ್ಟೆ. ಹದಿನೈದು ಸಾವಿರವೋ ಏನೋ ಬಿಲ್ ಮಾಡಿದ್ದೆ. ಇವತ್ತಿಗೂ ಓಡುತ್ತಿದೆ. ಐಬಿಎಂ ಮತ್ತು ಹಡಗು ಕಂಪನಿ ಮರ್ಸ್ಕ್ ಸೇರಿ ಹಡಗಿನ ಸರಕಿಗೆ ಅಂತ 2018ರಲ್ಲಿ ಶುರು ಮಾಡಿದ ಟ್ರೇಡ್‌ಲೆನ್ಸ್ ಬ್ಲಾಕ್‌ಚೈನ್ ಮುಚ್ಚುತ್ತೇವೆ ಅಂತ 2022ರಲ್ಲಿ ಹೇಳಿಬಿಟ್ಟರು. ನಂದು ಓಡುತ್ತಿದೆ, ಅವರದು ನಿಂತಿತು. ಇದನ್ನು ಮದುವೆ ಮನೆಯಲ್ಲೂ ಹೇಳುತ್ತೇನೆ, ಬಿಡಲ್ಲ.

ಹಾಗಂತ ಎಲ್ಲಕ್ಕೂ ಬೇಡ ಅನ್ನುವವನು ನಾನಲ್ಲ. ಯುಪಿಐ 2016ರಲ್ಲೇ ರಿಜಿಸ್ಟರ್‌ಗೆ ಬಂತು. ಕಾಲಂಗಳು ನಿಂತ ಮೇಲೆ ನಾಲ್ಕನೆಯದರಲ್ಲಿ ನಾನು ಬರೆದದ್ದು ಇಷ್ಟೇ: ಮಾರಲು ಬರುವವರು ನಿಂತ ಮೇಲೂ ಜನ ಬಳಸದಿದ್ದರೆ ಸುಳ್ಳು. ಮೂರು ವರ್ಷ ಕಳೆದ ಮೇಲೆ ದುರ್ಗದಬೈಲಿನಲ್ಲಿ ಸೊಪ್ಪು ಮಾರುವ ಅಮ್ಮನ ಬುಟ್ಟಿಗೆ ಕ್ಯೂಆರ್ ಅಂಟಿಸಿತ್ತು. ಸ್ಟಿಕ್ಕರಿನ ಮೂಲೆ ನೀರು ತಾಗಿ ಮಾಸಿತ್ತು, ಮೇಲೊಂದು ಹೊಸ ಸ್ಟಿಕ್ಕರ್ ಬಿದ್ದಿತ್ತು. ಯಾರೂ ಹೇಳದೆ ತಾನೇ ಬದಲಿಸಿಕೊಂಡಿದ್ದಾಳೆ ಅಂದರೆ ಮುಗಿಯಿತು. ಟಿಕ್ ಹಾಕಿದೆ.

ಈಗ ಚಾಟ್‌ಬಾಟ್ ಕಥೆಗೆ ಬರೋಣ. ನಮ್ಮಲ್ಲಿ ಸಪೋರ್ಟ್‌ಗೆ ಇರುವವರು ಇಬ್ಬರು ಹುಡುಗಿಯರು. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1ಕ್ಕೆ ಕೊನೆ ದಿನ 11ನೇ ತಾರೀಖು, 3ಬಿಗೆ 20. ಆ ದಿನಗಳ ಹಿಂದುಮುಂದು ಫೋನ್ ಕೆಳಗಿಡಲು ಆಗಲ್ಲ. ಒಬ್ಬ ವೆಂಡರ್ ಬೆಂಗಳೂರಿನಿಂದ ಬಂದು ಡೆಮೊ ಕೊಟ್ಟ. ಇಂಗ್ಲಿಷ್‌ನಲ್ಲಿ, ಅವನೇ ತಂದ ಪ್ರಶ್ನೆಗಳಿಗೆ. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಸೆಟಪ್‌ಗೆ ನಾಲ್ಕು ಲಕ್ಷದ ಹತ್ತಿರ, ತಿಂಗಳಿಗೆ ಮೂವತ್ತು ಮೂವತ್ತೈದು ಸಾವಿರ. ಇಬ್ಬರ ಸಂಬಳ ಉಳಿಯುತ್ತೆ ಅನ್ನುವುದು ಅವನ ಲೆಕ್ಕ. ನನ್ನ ಪಾರ್ಟನರ್ ಕಾಲೇಜಿನ ಗೆಳೆಯ, ಸಹಿ ಹಾಕಲು ಪೆನ್ನು ತೆಗೆದೇ ಬಿಟ್ಟಿದ್ದ. 'ಲೇ, ನೀ ಹಿಂಗ ಡೈರಿ ಬರ್ಕೋತ ಕುಂತ್ರ ಮಂದಿ ಮುಂದ ಹೋಗಿಬಿಡ್ತಾರ' ಅಂದ.

ನಾನು ಒಂದೇ ಷರತ್ತು ಹಾಕಿದೆ. ನಮ್ಮ ಹಳೆ ಪ್ರಶ್ನೆಗಳಿಗೆ ಉತ್ತರ ಕೊಡಲಿ, ಆಮೇಲೆ ದುಡ್ಡು. ಎರಡು ವರ್ಷದ ವಾಟ್ಸಾಪ್ ಸಪೋರ್ಟ್ ಮೆಸೇಜಿನಿಂದ ಇನ್ನೂರು ಚಿಲ್ಲರೆ ಆರಿಸಿದೆ. ಗಿರಾಕಿಗಳು ಬರೆದದ್ದು ಬರೆದ ಹಾಗೇ: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುವೆ ಮರಾಠಿ, ಫುಲ್‌ಸ್ಟಾಪ್ ಇಲ್ಲ. ಸ್ವಲ್ಪ ಕ್ಲೀನ್ ಮಾಡಿಕೊಡಿ ಅಂದ ವೆಂಡರ್. ಗಿರಾಕಿ ಕ್ಲೀನ್ ಮಾಡಿ ಕಳಿಸ್ತಾನಾ ಅಂತ ಕೇಳಿದೆ. ಟ್ರಯಲ್‌ಗೆ ಅಂತ ಐವತ್ತು ಸಾವಿರ ತೆಗೆದುಕೊಂಡ. ಅದರಲ್ಲಿ ಅರ್ಧ ಆಮೇಲೆ ವಾಪಸ್ ಬಂತು. ಹೇಗೆ ಬರಿಸಿದೆ ಅನ್ನುವುದು ಕಾಗದದಲ್ಲಿ ಬರೆಸಿದ ಒಂದು ಸಾಲಿನ ಮಹಿಮೆ. ಆ ಸಾಲನ್ನು ಇಲ್ಲಿ ಹಾಕಲ್ಲ, ವೆಂಡರ್‌ಗಳೂ ಓದುತ್ತಾರೆ.

ಉತ್ತರಗಳಿಗೆ ಮಾರ್ಕ್ಸ್ ಹಾಕಿದ್ದು ಸಪೋರ್ಟ್ ಹುಡುಗಿಯರೇ. ಬಾಟ್ ಕೊಟ್ಟದ್ದು ಯಾವುದು, ಹಿಂದೆ ಮನುಷ್ಯರು ಕೊಟ್ಟದ್ದು ಯಾವುದು ಅಂತ ಗೊತ್ತಾಗದ ಹಾಗೆ ಕಲಸಿ ಕೊಟ್ಟಿದ್ದೆ. ಬಾಟ್‌ನ ಉತ್ತರಗಳಲ್ಲಿ ಅರ್ಧದಷ್ಟು ಸರಿ. ಕಾಲು ಭಾಗ ಸುಮ್ನೆ ಸುತ್ತಿ ಬಳಸಿ ಹೇಳಿದ್ದು. ಉಳಿದದ್ದು ತಪ್ಪು, ಅದೂ ಬಹಳ ಧೈರ್ಯವಾಗಿ ಹೇಳಿದ ತಪ್ಪು.

ಎರಡು ಉದಾಹರಣೆ ಕೊಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದವು. ಸಿಮೆಂಟ್ 28ರಿಂದ 18ಕ್ಕೆ ಬಂತು, ಡ್ರಿಪ್ ಮತ್ತು ಸ್ಪ್ರಿಂಕ್ಲರ್ 12ರಿಂದ 5ಕ್ಕೆ. ಆಮೇಲೂ ಬಾಟ್ ಸಿಮೆಂಟಿಗೆ 28 ಅಂತಲೇ ಹೇಳುತ್ತಿತ್ತು. ಹೊಸ ಪಟ್ಟಿ ಕೊಟ್ಟ ಮೇಲೆ ಒಮ್ಮೆ 18, ಒಮ್ಮೆ 28. ಹಳೆ ಕೈಪಿಡಿ, ಹೊಸ ಪಟ್ಟಿ ಎರಡೂ ಒಳಗಿದ್ದವು, ಹುಡುಕಿದಾಗ ಯಾವುದು ಮೇಲೆ ಬಂತೋ ಅದನ್ನೇ ಹೇಳುತ್ತಿತ್ತು. ಹಳೆಯದನ್ನು ಪೂರ್ತಿ ತೆಗೆಯೋಣ ಅಂದರೆ ಹಳೆ ಬಿಲ್‌ಗೆ ಕ್ರೆಡಿಟ್ ನೋಟ್ ಮಾಡುವವರಿಗೆ ಹಳೆ ದರವೇ ಬೇಕಲ್ಲ.

ಎರಡನೆಯದು ನನ್ನ ಕುತಂತ್ರ. 'ಸಾಫ್ಟ್‌ವೇರ್‌ನಲ್ಲಿ ಬಾಕಿ ಮನ್ನಾ ಆಪ್ಷನ್ ಎಲ್ಲಿದೆ' ಅಂತ ಕೇಳಿದೆ. ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಬಾಟ್ ಹೇಳಿತು: ಟೂಲ್ಸ್ ಮೆನು ತೆರೆಯಿರಿ, ಪಾರ್ಟಿ ಲೆಜರ್ ಆಯ್ಕೆ ಮಾಡಿ, 'ಬಾಕಿ ಮನ್ನಾ' ಒತ್ತಿ, ಆರ್ಥಿಕ ವರ್ಷ ಆರಿಸಿ ಸೇವ್ ಮಾಡಿ. ಚುನಾವಣೆ ಹೊತ್ತಿಗೆ ಇದು ಸಿಕ್ಕಿದ್ದರೆ ಗಿರಾಕಿಗಳ ಗಿರಾಕಿಗಳೆಲ್ಲ ನಮ್ಮ ಆಫೀಸಿನ ಮುಂದೆ ಸಾಲು ನಿಲ್ಲುತ್ತಿದ್ದರು. ಇಂಥ ಪ್ರಶ್ನೆ ಇನ್ನೂ ಹತ್ತಾರು ಇವೆ. ಹೇಗೆ ಆರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಖರ್ಚಿನಲ್ಲೂ ಒಂದು ಗುಟ್ಟಿತ್ತು. ಎಐ ಮಾತನ್ನು ತುಂಡು ಮಾಡಿ ಎಣಿಸುವ ಚೂರಿಗೆ ಟೋಕನ್ ಅನ್ನುತ್ತಾರೆ, ಬಿಲ್ ಬರುವುದು ಅದರ ಮೇಲೆ. ಆ ಲೆಕ್ಕವನ್ನು ವೆಂಡರ್ ಕಡೆಯವರು ಇಂಗ್ಲಿಷ್ ಡೆಮೊ ಮೇಲೆ ಹಾಕಿದ್ದರು. ಅದೇ ಪ್ರಶ್ನೋತ್ತರವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ನೋಡಿದರೆ ಅವರು ಬಳಸುತ್ತಿದ್ದ ಮಾಡೆಲ್‌ನಲ್ಲಿ ಮೂರು ನಾಲ್ಕು ಪಟ್ಟು ಟೋಕನ್. ಕನ್ನಡ ಅಕ್ಷರಗಳನ್ನು ಚೂರು ಚೂರು ಮಾಡಿ ಎಣಿಸುತ್ತೆ, ಮಾಡೆಲ್‌ಗೆ ತಕ್ಕಂತೆ ಹೆಚ್ಚು ಕಡಿಮೆ. ತಿಂಗಳ ಮೂವತ್ತೈದು ಸಾವಿರ ಸದ್ದಿಲ್ಲದೆ ಎಪ್ಪತ್ತು ಎಂಬತ್ತು ಆಗುತ್ತಿತ್ತು. ಯಾವ ಕೊಟೇಶನ್ ಬಂದರೂ ಮೊದಲು ಇದನ್ನು ಅಳೆಯಿರಿ.

ಪಾರ್ಟನರ್ ಆದರೂ ಒಪ್ಪಲಿಲ್ಲ. ಇವತ್ತು ಅರ್ಧ ಸರಿ, ನಾಳೆ ಪೂರ್ತಿ ಸರಿ ಆಗುತ್ತೆ ಅಂದ. ಆಗ ರಿಜಿಸ್ಟರ್‌ನ ಎರಡು ಪುಟ ತೆಗೆದೆ. ಒಂದು, ಏರ್ ಕೆನಡಾ. ಅವರ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ತಪ್ಪು ರಿಯಾಯಿತಿ ಹೇಳಿತ್ತು. ಬಾಟ್ ಹೇಳಿದ್ದಕ್ಕೂ ನೀವೇ ಹೊಣೆ ಅಂತ ಅಲ್ಲಿನ ಟ್ರಿಬ್ಯೂನಲ್ 2024ರಲ್ಲಿ ಪರಿಹಾರ ಕೊಡಿಸಿತು. ಇನ್ನೊಂದು, ಸ್ವೀಡನ್ನಿನ ಪೇಮೆಂಟ್ ಕಂಪನಿ ಕ್ಲಾರ್ನಾ. ನಮ್ಮ ಎಐ 700 ಸಪೋರ್ಟ್ ಏಜೆಂಟರ ಕೆಲಸ ಮಾಡುತ್ತಿದೆ ಅಂತ 2024ರಲ್ಲಿ ಹೇಳಿದ ಅದೇ ಕಂಪನಿ 2025ರಲ್ಲಿ ಗಿರಾಕಿಗಳ ಜೊತೆ ಮಾತಾಡಲು ಮತ್ತೆ ಮನುಷ್ಯರನ್ನು ಸೇರಿಸಿಕೊಳ್ಳತೊಡಗಿತು. ಬಾಟ್ ತಪ್ಪು ದರ ಹೇಳಿ ಗಿರಾಕಿಗೆ ನೋಟಿಸ್ ಬಂದರೆ ಅವನು ಬೆಂಗಳೂರಿಗೆ ಹೋಗಲ್ಲ, ನಮ್ಮ ಬಾಗಿಲಿಗೇ ಬರುತ್ತಾನೆ. ಈ ಮಾತು ಪಾರ್ಟನರ್‌ಗೆ ತಾಗಿತು.

ಬದಲಿಗೆ ಮಾಡಿದ್ದೇನು? ಬೋರ್ ಹೊಡೆಸುವ ಕೆಲಸ. ಆ ಹಳೆ ಮೆಸೇಜ್‌ಗಳನ್ನೆಲ್ಲ ಗುಂಪು ಮಾಡಿದಾಗ ನೂರಿಪ್ಪತ್ತರ ಸುಮಾರು ಪ್ರಶ್ನೆಗಳೇ ಸುತ್ತಿ ಸುತ್ತಿ ಬರುವುದು ಕಂಡಿತು. ಹುಡುಗಿಯರು ಒಂದೊಂದಕ್ಕೂ ನಾಲ್ಕು ಸಾಲಿನ ಉತ್ತರ ಬರೆದರು, ಮೊಬೈಲ್‌ನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿದರು. ಹುಡುಕಾಟಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟ್ರೈಗ್ರಾಮ್, ಅಂದರೆ ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಹೋಲಿಸುವುದು. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಪದವನ್ನು ಐದು ಥರ ಬರೆಯುತ್ತಾರಲ್ಲ, ಅದಕ್ಕೆ ಇದು ಅರ್ಥವನ್ನು ಅಂಕಿಗಳಾಗಿಸಿ ಹೋಲಿಸುವ ಎಂಬೆಡಿಂಗ್‌ಗಿಂತ ಚೆನ್ನಾಗಿ ಹೊಂದಿತು. ಸ್ಪೆಲ್ಲಿಂಗ್ ಪಟ್ಟಿಯಲ್ಲಿ ಒಂದು ಸಣ್ಣ ಚಾಲಾಕಿ ಇದೆ, ಅದು ಅಂಗಡಿಯ ಗುಟ್ಟು. ಉತ್ತರ ಸಿಗದಿದ್ದರೆ ಸೀದಾ ಮನುಷ್ಯರಿಗೆ ಹೋಗುತ್ತೆ, ಊಹೆ ಮಾಡಲ್ಲ. ದರ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಎಲ್ಲ ಸೇರಿ ಎಂಬತ್ತು ತೊಂಬತ್ತು ಸಾವಿರ ಖರ್ಚು, ಹುಡುಗಿಯರಿಗೆ ಕೊಟ್ಟ ಬೋನಸ್ ಸೇರಿಸಿ. 11ನೇ ತಾರೀಖಿನ ಫೋನ್‌ಗಳು ಮೂರರಲ್ಲಿ ಒಂದು ಪಾಲಿನಷ್ಟು ಇಳಿದವು. ಇಬ್ಬರೂ ಕೆಲಸದಲ್ಲೇ ಇದ್ದಾರೆ, ಒಬ್ಬಳಿಗೆ ಸಂಬಳವೂ ಏರಿದೆ.

ನಡುವೆ ಒಂದೆರಡು ಉಪ ಪ್ರಯೋಗ ಮಾಡಿದೆ. ಗಿರಾಕಿಗಳ ವಾಯ್ಸ್ ಮೆಸೇಜ್‌ಗಳನ್ನು ಹಳೆ ಗೇಮಿಂಗ್ ಕಾರ್ಡ್ ಮೇಲೆ ವಿಸ್ಪರ್ ಅನ್ನುವ ಎಐ ಹಾಕಿ ಅಕ್ಷರಕ್ಕೆ ಇಳಿಸಲು ನೋಡಿದೆ. ನಮ್ಮ ಕಡೆಯ ಮಾತು ಅದಕ್ಕೆ ಹಿಡಿಯಲೇ ಇಲ್ಲ. 'ಬಿಲ್ ಹೊಂಟಿಲ್ಲ' ಅಂದರೆ ಅದೇನೋ ದೇವರ ಸ್ತೋತ್ರದಂಥದ್ದು ಬರೆಯಿತು. ಕೈಬಿಟ್ಟೆ, ಕರೆಂಟ್ ಬಿಲ್ ಮಾತ್ರ ಬಂತು.

ಇನ್ನೊಂದು ಕೋಡಿಂಗ್ ಬಗ್ಗೆ. 2025ರಲ್ಲಿ ಮೀಟರ್ ಅನ್ನುವ ಸಂಸ್ಥೆ 16 ಅನುಭವಿ ಡೆವಲಪರ್‌ಗಳ ಮೇಲೆ ಪ್ರಯೋಗ ಮಾಡಿತ್ತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಜಾಸ್ತಿ ಹೊತ್ತು ಹಿಡಿಯಿತು, ಅವರು ಮಾತ್ರ ತಾವು ಶೇ 20ರಷ್ಟು ಬೇಗ ಮುಗಿಸಿದೆವು ಅಂದುಕೊಂಡಿದ್ದರು. ನಮ್ಮ ಹುಡುಗರ ಮೇಲೂ ನೋಡೋಣ ಅಂತ ಟಿಕೆಟ್ (ಹೊಸ ಕೆಲಸದ ಚೀಟಿ) ಬಂದಾಗ ನಾಣ್ಯ ಚಿಮ್ಮಿ, ಎಐ ಜೊತೆ ಅಥವಾ ಎಐ ಇಲ್ಲದೆ ಮಾಡಿಸಿದೆ. ಹೊಸ ರಿಪೋರ್ಟ್, ಫಾರ್ಮ್ ಮಾಡುವ ಕೆಲಸದಲ್ಲಿ ಹೊತ್ತು ನಿಜಕ್ಕೂ ಉಳಿಯಿತು, ಕೆಲವು ಸಲ ಅರ್ಧಕ್ಕರ್ಧ. ಹನ್ನೆರಡು ವರ್ಷ ಹಳೆಯ ಸ್ಟಾಕ್ ಮಾಡ್ಯೂಲ್‌ನಲ್ಲಿ ಏನೂ ಉಳಿಯಲಿಲ್ಲ, ಒಂದೆರಡು ಕಡೆ ನಷ್ಟವೇ. ಹಾಗಾಗಿ ಕೋಡಿಂಗ್‌ಗೆ ಎರಡು ಲೈಸೆನ್ಸ್ ತೆಗೆದುಕೊಂಡಿದ್ದೇವೆ, ಎಲ್ಲರಿಗೂ ಅಲ್ಲ. ಆ ಪುಟಕ್ಕೆ ಅರ್ಧ ಟಿಕ್.

ಈಗ ರಿಜಿಸ್ಟರ್ ಬರೆಯುವುದರಲ್ಲಿ ಪಾರ್ಟನರ್‌ನದೇ ಜೋರು. ಹೋದ ವಾರ ಬಂದ ಮತ್ತೊಬ್ಬ ವೆಂಡರ್‌ನ ಪುಟವನ್ನು ಅವನೇ ತುಂಬಿಸಿದ. ಇವರ 'ಏಜೆಂಟ್' ಮನುಷ್ಯರ ಕೈ ತಾಗದೆ ರಿಟರ್ನ್ ಫೈಲ್ ಮಾಡುತ್ತಂತೆ. ಮೂರನೆಯ ಕಾಲಂನಲ್ಲಿ ಮುಂದಿನ ಮಾರ್ಚ್ ಅಂತ ಇದೆ. ನಾಲ್ಕನೆಯದರಲ್ಲಿ ಅವನು ಬರೆದದ್ದು: ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ವೆಂಡರ್ ಕಟ್ಟಬೇಕು, ತಪ್ಪು ಫೈಲ್ ಆದರೆ ಬಡ್ಡಿಯೂ ಅವನದೇ. ಒಪ್ಪಿಗೆ ಇದ್ದರೆ ಟ್ರಯಲ್‌ಗೆ ಬನ್ನಿ ಅಂತ ಮೇಲ್ ಹಾಕಿದ್ದೇವೆ. 'ಲೀಗಲ್ ಟೀಮ್ ಕೇಳಿ ಹೇಳ್ತೀವಿ ಸರ್' ಅಂದಿದ್ದಾರೆ.